ಜೂನ್ 5 ಮುಗಿದ ಮೇಲೂ ಮಕ್ಕಳಿಗೆ ಪರಿಸರ ಕಲಿಸೋದು ಹೇಗೆ? ಶಾಲೆ ಹಿಂದೆಯೇ ಕೆರೆ ಇದೆ

ಶಿರಾ_ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಶಿರಾ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಇಕೋ ಕ್ಲಬ್ ಜವಾಬ್ದಾರಿಯೂ ನನ್ನ ಮೇಲೆಯೇ ಇದೆ. ಜೂನ್ 5 ಬಂದರೆ ನರ್ಸರಿಯಿಂದ ಸಸಿ ತರುತ್ತೇವೆ, ನೆಡುತ್ತೇವೆ, ಫೋಟೊ ತೆಗೆದು ಕಳಿಸುತ್ತೇವೆ. ಆಮೇಲೆ ಚಿತ್ರಕಲೆ, ಪ್ರಬಂಧ ಸ್ಪರ್ಧೆ. ಅಲ್ಲಿಗೆ ಆ ವರ್ಷದ ಪರಿಸರ ಮುಗಿಯಿತು.

ಮಕ್ಕಳು ಪ್ರಬಂಧ ಚೆನ್ನಾಗಿಯೇ ಬರೆಯುತ್ತಾರೆ. ಓಜೋನ್ ಪದರ, ಭೂಮಿ ಬಿಸಿಯಾಗೋದು, ಧ್ರುವದ ಹಿಮ, ಎಲ್ಲಾ ಇರುತ್ತೆ. ಮೊನ್ನೆ ಒಂಬತ್ತನೇ ತರಗತಿಯಲ್ಲಿ ಪಾಠದ ಮಧ್ಯೆ ಕೇಳಿದೆ: "ನಮ್ಮ ಶಾಲೆ ಹಿಂದಿನ ಕೆರೆ ಕೋಡಿ ಬಿದ್ದರೆ ನೀರು ಎಲ್ಲಿಗೆ ಹೋಗುತ್ತೆ?" ಒಬ್ಬರಿಗೂ ಗೊತ್ತಿರಲಿಲ್ಲ. ಕೋಡಿ ಅಂದರೆ ಏನು ಮಿಸ್ ಅಂತ ಕೇಳಿದವರೂ ಇದ್ದರು. ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹರಿಯುವ ಜಾಗ ಅನ್ನೋದೂ ಗೊತ್ತಿಲ್ಲ. ಇವರೆಲ್ಲ ಹೊಲ, ಕುರಿ ಇರುವ ಮನೆಯ ಮಕ್ಕಳು. ನನಗೆ ತುಂಬಾ ಸಂಕಟವಾಯಿತು.

ಕೆರೆ ಶಾಲೆ ಕಾಂಪೌಂಡಿಗೆ ಅಂಟಿಕೊಂಡ ಹಾಗೇ ಇದೆ. ಒಂದು ಮೂಲೆಯಲ್ಲಿ ಕೋಳಿ ಅಂಗಡಿಯವರು ಪುಕ್ಕ, ಕರುಳು ತಂದು ಸುರಿಯುತ್ತಾರೆ. ಮದುವೆ ಸೀಸನ್ನಿನಲ್ಲಿ ಪ್ಲಾಸ್ಟಿಕ್ ಲೋಟ, ತಟ್ಟೆ. ಕೆರೆ ಅಂಗಳದ, ಅಂದರೆ ನೀರು ನಿಲ್ಲುವ ಜಾಗದ, ಅರ್ಧಕ್ಕೆ ಬಳ್ಳಾರಿ ಜಾಲಿ ಹಬ್ಬಿದೆ. ಇಷ್ಟಾದರೂ ನೀರಿದ್ದ ವರ್ಷ ಹಕ್ಕಿಗಳು ಬರುತ್ತವೆ.

ನನಗೆ ಬೇಕಿರೋದು ಇಷ್ಟು. ಮಕ್ಕಳು ವರ್ಷವಿಡೀ ಮಾಡುವಂಥದ್ದು ಏನಾದರೂ ಇರಬೇಕು. ಅದರಿಂದ ಅವರು ನಿಜವಾಗಿ ಏನನ್ನಾದರೂ ಕಲಿಯಬೇಕು, ಕೆರೆಗೂ ಅನುಕೂಲ ಆಗಬೇಕು. ದುಡ್ಡಿಲ್ಲ. ಶನಿವಾರ ತರಗತಿ ಮುಗಿದ ಮೇಲೆ ಒಂದು ಗಂಟೆ ಸಿಗುತ್ತೆ. ಹೆಡ್‌ಮಾಸ್ಟರ್ ಒಳ್ಳೆಯವರು, ಆದರೆ ಮಕ್ಕಳನ್ನು ನೀರಿನ ಹತ್ತಿರ ಕರೆದುಕೊಂಡು ಹೋಗುವುದಕ್ಕೆ ಹೆದರುತ್ತಾರೆ. ಅವರ ಭಯವೂ ಸರಿಯೇ.

ಯಾರಾದರೂ ಇಂಥ ಕೆಲಸ ಮಾಡಿದ್ದರೆ ದಯವಿಟ್ಟು ಬರೆಯಿರಿ. ಜಾಗೃತಿ ಮೂಡಿಸಿ, ಪೋಸ್ಟರ್ ಮಾಡಿಸಿ ಅನ್ನೋದು ಬೇಡ. ಪೋಸ್ಟರ್ ಸಾಕಷ್ಟು ಮಾಡಿಸಿದ್ದೀವಿ.

---

ಕುಂಡೆಕುಸ್ಕ (ತುಮಕೂರು)

ಟೀಚರ್, ಹಕ್ಕಿಗಳಿಂದ ಶುರು ಮಾಡಿ. ನೀರಿಗೆ ಇಳಿಯೋದೇ ಬೇಡ, ಕೆರೆಯ ಕಟ್ಟೆ ಇದೆಯಲ್ಲ, ಆ ಏರಿ ಮೇಲೆ ನಿಂತರೆ ಸಾಕು.

ಮೊದಲೇ ಐವತ್ತು ಹೆಸರು ಹೇಳಿಕೊಡಬೇಡಿ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಗುಳುಮುಳುಕ, ತೇನೆಹಕ್ಕಿ (ಟಿಟ್ಟಿಭ), ಈ ಐದು ಗುರುತು ಸಿಕ್ಕಿದರೆ ಉಳಿದದ್ದನ್ನು ಮಕ್ಕಳೇ ಹುಡುಕಿಕೊಳ್ಳುತ್ತಾರೆ. ಒಂದೇ ಜಾಗ, ಒಂದೇ ಹೊತ್ತು, ಹದಿನೈದು ನಿಮಿಷ. ಕಂಡದ್ದನ್ನು ಎಣಿಸಿ ಬರೆಯಬೇಕು. ಏನೂ ಕಾಣದ ದಿನ "ಏನೂ ಇಲ್ಲ" ಅಂತಲೇ ಬರೆಯಬೇಕು, ಅದೂ ಮುಖ್ಯವಾದ ಮಾಹಿತಿ. ಶನಿವಾರ ಮಧ್ಯಾಹ್ನದ ಬಿಸಿಲಿಗಿಂತ ಬೆಳಗಿನ ಹೊತ್ತು ವಾಸಿ. ತರಗತಿಗೆ ಮುಂಚೆ ಆಗುತ್ತಾ ನೋಡಿ.

ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅಂತ ಲೋಕದ ಎಲ್ಲಾ ಕಡೆ ಹಕ್ಕಿ ಎಣಿಕೆ ನಡೆಯುತ್ತೆ. ಅಮೆರಿಕದಲ್ಲಿ 1998ರಲ್ಲಿ ಶುರುವಾದದ್ದು, 2013ರಿಂದ ನಮ್ಮ ದೇಶದವರೂ ಸೇರಿದ್ದಾರೆ. ಇಬರ್ಡ್ ಅನ್ನೋ ಆ್ಯಪ್‌ನಲ್ಲಿ ಪಟ್ಟಿ ಹಾಕಿದರೆ ಆಯಿತು, ಕಾಸು ಕೊಡಬೇಕಾಗಿಲ್ಲ. ನಿಮ್ಮ ಒಂದು ಫೋನ್ ಸಾಕು. ನಿಮ್ಮ ಕೆರೆಯ ಹೆಸರಿನಲ್ಲಿ ಒಂದು ದಾಖಲೆ ಬೆಳೆಯುತ್ತಾ ಹೋಗುತ್ತೆ.

ನಿಮ್ಮ ತಾಲೂಕಿನಲ್ಲೇ ಕಗ್ಗಲಡು ಇದೆ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರವರೇ ಕಾಯುತ್ತಾರೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಗೂಡಿನ ಕೆಳಗೆ ನಿಂತು ಗಲಾಟೆ ಮಾಡದೆ, ಅಲ್ಲಿನ ಹಿರಿಯರ ಹತ್ತಿರ ಕೂತು ಮಾತಾಡಿಸಿ. ಮರದ ಯಜಮಾನರು ಹುಣಸೆಹಣ್ಣಿನ ಆಸೆ ಬಿಟ್ಟು ಹಕ್ಕಿಗೆ ಜಾಗ ಕೊಟ್ಟಿದ್ದಾರೆ. ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರಿನಲ್ಲೂ ಹೀಗೇ. ಅಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಇವೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು. ಆದರೆ ಊರವರು ಅದಕ್ಕೂ ಎಷ್ಟೋ ಮೊದಲಿನಿಂದ ಕಾಯುತ್ತಿದ್ದರು.

ಒಂದು ಎಚ್ಚರಿಕೆ. ಬೇಸಿಗೆಯಲ್ಲಿ ಕೆರೆ ಅಂಗಳದಲ್ಲಿ ಓಡಾಡುವಾಗ ತೇನೆಹಕ್ಕಿ ತಲೆ ಮೇಲೆ ಕಿರುಚಿಕೊಂಡು ಹಾರಾಡಿದರೆ ಅಲ್ಲಿಂದ ವಾಪಸ್ ಬಂದುಬಿಡಿ. ಅದು ಬರೀ ನೆಲದ ಮೇಲೆ ಮೊಟ್ಟೆ ಇಡುತ್ತೆ, ಸಾಮಾನ್ಯವಾಗಿ ನಾಲ್ಕು. ಬಣ್ಣ ಅಲ್ಲಿನ ಜಲ್ಲಿಕಲ್ಲಿನದೇ. ಕಾಲಿಟ್ಟ ಮೇಲೆಯೇ ಗೊತ್ತಾಗೋದು.

---

ನೀರುಗಂಟಿ_ಮೊಮ್ಮಗ (ಮಧುಗಿರಿ)

ಮೇಡಂ, ಕೋಡಿ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿದಿರಲ್ಲ, ಮಕ್ಕಳಿಗೆ ಅದೇ ಮೊದಲನೇ ಪಾಠ ಆಗಲಿ. ಇಡೀ ವರ್ಷಕ್ಕೆ ಆ ಒಂದು ಪ್ರಶ್ನೆ ಸಾಕು.

ನಮ್ಮ ತಾತ ಊರಿನ ನೀರುಗಂಟಿ. ತೂಬು (ಕೆರೆಯಿಂದ ಗದ್ದೆಗೆ ನೀರು ಬಿಡುವ ಬಾಗಿಲು) ಎತ್ತೋದು, ಸರದಿ ಪ್ರಕಾರ ಗದ್ದೆಗಳಿಗೆ ನೀರು ಬಿಡೋದು, ಜೋರು ಮಳೆ ಬಂದ ರಾತ್ರಿ ಲಾಟೀನು ಹಿಡಿದು ಏರಿ ಮೇಲೆ ಓಡಾಡೋದು ಅವರ ಕೆಲಸ. ಸುಗ್ಗಿಯಲ್ಲಿ ಕಣದ ಹತ್ತಿರ ಹೋದರೆ ರೈತರು ಆಯ, ಅಂದರೆ ಕೂಲಿಯ ಬದಲಿನ ಧಾನ್ಯ, ಅಳೆದು ಕೊಡುತ್ತಿದ್ದರು. ಅಪ್ಪನ ಕಾಲಕ್ಕೆ ಬೋರ್‌ವೆಲ್ ಬಂದವು, ತೂಬು ಎತ್ತಿಸಿಕೊಳ್ಳುವವರು ಇಲ್ಲವಾದರು, ಆ ಕೆಲಸವೂ ಹೋಯಿತು. ಕೆರೆಯನ್ನು ದಿನಾ ನೋಡುವ ಒಬ್ಬ ಮನುಷ್ಯ ಊರಿಗೆ ಇಲ್ಲದೆ ಹೋದ. ಕೆರೆಗಳು ಹಾಳಾಗಿದ್ದಕ್ಕೆ ನೂರು ಕಾರಣ ಹೇಳುತ್ತಾರೆ. ನನಗೆ ಇದೇ ದೊಡ್ಡದು ಅನ್ನಿಸುತ್ತೆ. ಮಕ್ಕಳು ಮಾಡಬಹುದಾದ ಕೆಲಸವೂ ಅದೇ: ನೋಡೋದು, ಬರೆದಿಡೋದು.

ನಮ್ಮೂರ ಶಾಲೆಯ ಮಕ್ಕಳ ಜೊತೆ ಇದನ್ನು ಮಾಡುತ್ತಾ ಬಂದಿದ್ದೇವೆ. ಹೇಗೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ.

ಮೊದಲು ಕೆರೆಗೆ ಹೋಗಬೇಡಿ. ಕೆರೆಗೆ ನೀರು ಬರುವ ಕಡೆಗೆ ಹೋಗಿ. ನೀರು ಬರುವ ಹಳ್ಳ, ಕಾಲುವೆ ಹಿಡಿದು ಮೇಲಕ್ಕೆ ನಡೆಯಿರಿ. ಮಳೆ ಇಲ್ಲದ ತಿಂಗಳಲ್ಲಿ ಮಾಡಿ, ಒಣ ಹಳ್ಳದಲ್ಲಿ ಅಪಾಯ ಇಲ್ಲ. ನಡೆಯುತ್ತಾ ಒಂದು ನಕ್ಷೆ ಬರೆಯಲಿ. ಎಲ್ಲಿ ಜಾಲಿ ಬೆಳೆದಿದೆ, ಎಲ್ಲಿ ಮಣ್ಣು ಕುಸಿದಿದೆ, ಎಲ್ಲಿ ಕಾಲುವೆಯನ್ನು ಹೊಲಕ್ಕೆ ಸೇರಿಸಿಕೊಂಡಿದ್ದಾರೆ, ಎಲ್ಲಿ ಚರಂಡಿ ಬಂದು ಸೇರುತ್ತೆ. ಹೆಜ್ಜೆ ಎಣಿಸಿ ದೂರ ಹಾಕಿದರೂ ಸಾಕು.

ನಮ್ಮ ಮಕ್ಕಳು ಹೀಗೆ ಹೋದಾಗ ರಸ್ತೆಯ ಮೋರಿ ಹತ್ತಿರ ನಿಂತರು. ರಸ್ತೆ ಎತ್ತರಿಸಿದ ಕಂಟ್ರಾಕ್ಟರು ಮೋರಿಯ ಪೈಪನ್ನು ಹಳ್ಳದ ತಳಕ್ಕಿಂತ ಮೇಲೆ ಕೂರಿಸಿಬಿಟ್ಟಿದ್ದರು. ನಾವು ದೊಡ್ಡವರು ಆ ರಸ್ತೆಯಲ್ಲಿ ಬೈಕಿನಲ್ಲಿ ಓಡಾಡುತ್ತಲೇ ಇದ್ದೆವು. ಒಂದು ಹುಡುಗಿ ಕೆಳಗಿಳಿದು, ಮೊಣಕಾಲೂರಿ ಕೂತು, ಸ್ಕೇಲು ನೆಟ್ಟಗೆ ಹಿಡಿದು ನೋಡಿದಳು. ಸ್ಕೇಲು ಸಾಲಲಿಲ್ಲ, ಪೆನ್ನು ಸೇರಿಸಿ ಅಳೆದಳು. ಪೈಪಿನ ಬಾಯಿಯ ಕೆಳಗೆ ಹೂಳು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಅದರ ಮೇಲೆ ಜೊಂಡು ಒಣಗಿ ನಿಂತಿತ್ತು. "ಅಂಕಲ್, ನೀರು ಇಲ್ಲೀವರೆಗೂ ಬಂದು ನಿಂತ ಮೇಲೆ ತಾನೇ ಆ ಕಡೆ ಹೋಗೋದು? ಸಣ್ಣ ಮಳೆ ನೀರೆಲ್ಲ ಇಲ್ಲೇ ಇಂಗಿಹೋಗುತ್ತೆ" ಅಂದಳು. ಮಳೆ ಬಂದರೂ ನಮ್ಮ ಕೆರೆಗೆ ಯಾಕೆ ನೀರು ಬರಲ್ಲ ಅಂತ ಊರಿನಲ್ಲಿ ಎಷ್ಟೋ ವರ್ಷದಿಂದ ನಡೆಯುತ್ತಿದ್ದ ಮಾತಿಗೆ ಒಂದು ಉತ್ತರ ಅಲ್ಲಿ ಸಿಕ್ಕಿತು. ಅರ್ಜಿ ಕೊಟ್ಟೆವು, ಅಳತೆ ಸಮೇತ. ಬೇಗ ಆಗಲಿಲ್ಲ. ಆದರೆ ಪೈಪ್ ಇಳಿಸಿದರು.

ಎರಡನೆಯದು ಕೆರೆಯ ಭಾಗಗಳು. ಏರಿ, ತೂಬು, ಕೋಡಿ, ಅಂಗಳ, ಅಚ್ಚುಕಟ್ಟು (ಕೆರೆ ನೀರು ಹರಿಯುವ ಹೊಲ ಗದ್ದೆ). ಒಂದೊಂದನ್ನೂ ಅಲ್ಲೇ ನಿಂತು ತೋರಿಸಿ. ನಮ್ಮ ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ. ಬಹಳಷ್ಟು ಸಾಲು ಕೆರೆಗಳು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರದ್ದು ಇನ್ನೂ ಕೆಳಗಿನದಕ್ಕೆ. ನಿಮ್ಮ ಕಡೆಯ ನೀರು ಹೆಚ್ಚಿನ ಪಾಲು ಸುವರ್ಣಮುಖಿ ಸೇರಿ, ಹಿರಿಯೂರು ಕಡೆ ವೇದಾವತಿಗೆ, ಅಲ್ಲಿಂದ ತುಂಗಭದ್ರೆಗೆ, ಕೊನೆಗೆ ಕೃಷ್ಣೆಗೆ ಹೋಗುತ್ತೆ. ಪಕ್ಕದಲ್ಲೇ ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ದಾಟಿ ಉತ್ತರ ಪಿನಾಕಿನಿ ಸೇರುತ್ತೆ. ಅಕ್ಕಪಕ್ಕದ ತಾಲೂಕಿನ ಮಳೆ ಎರಡು ಬೇರೆ ನದಿಗೆ. ಇದನ್ನು ಮಕ್ಕಳು ನಕ್ಷೆಯಲ್ಲಿ ಬೆರಳಿಟ್ಟು ನೋಡಬೇಕು. ಕೋಳಿ ಕರುಳು ನಿಮ್ಮ ಕೆರೆಗೆ ಬಿದ್ದರೆ ಕೋಡಿ ಬಿದ್ದ ವರ್ಷ ಅದು ಯಾರ ಕೆರೆಗೆ ಹೋಗುತ್ತೆ ಅನ್ನೋದು ಆಗ ತಾನಾಗಿ ಗೊತ್ತಾಗುತ್ತೆ.

ಮೂರನೆಯದು ಮಳೆ ಲೆಕ್ಕ. ನೆಟ್ಟಗಿರುವ ಒಂದು ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಮೇಲಿನ ಭಾಗ ಕತ್ತರಿಸಿ ತಲೆಕೆಳಗು ಮಾಡಿ ಅದಕ್ಕೇ ಕೂರಿಸಿ, ಆಲಿಕೆ ಆಯಿತು. ತಳ ಸಮ ಇರಲ್ಲ, ಅದಕ್ಕೆ ನಾಲ್ಕು ಕಲ್ಲು ಹಾಕಿ, ಅವು ಮುಳುಗುವಷ್ಟು ನೀರು ಹಾಕಿ, ಅಲ್ಲಿ ಗೆರೆ ಎಳೆಯಿರಿ. ಅದು ಸೊನ್ನೆ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಸ್ಕೇಲ್ ಅಂಟಿಸಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಓದಿ ಬರೆದು, ನೀರನ್ನು ಮತ್ತೆ ಸೊನ್ನೆಗೆ ತರಬೇಕು. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. ನಿಮ್ಮ ಶಾಲೆ ಚಾವಣಿ 200 ಚದರ ಮೀಟರ್ ಇದ್ದು 10 ಮಿಲಿಮೀಟರ್ ಮಳೆ ಬಂದರೆ 2,000 ಲೀಟರ್. ಈ ಲೆಕ್ಕ ಮಾಡಿದ ದಿನ ನಮ್ಮ ಮಕ್ಕಳು ಚಾವಣಿಯ ಪೈಪಿನ ಕಡೆಗೇ ನೋಡುತ್ತಾ ನಿಂತಿದ್ದರು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸರ್ಕಾರದ ಮಳೆಮಾಪಕವೂ ಇರುತ್ತೆ. ನಿಮ್ಮ ಅಂಕಿಯನ್ನು ಅದರ ಜೊತೆ ಹೋಲಿಸಿ ನೋಡಿ.

ಇದರ ಜೊತೆ ಕೆರೆ ನೀರಿನ ಮಟ್ಟ. ತೂಬಿನ ಕಲ್ಲುಕಂಬದಲ್ಲಿ ಏರಿ ಮೇಲಿಂದಲೇ ಕಾಣುವ ಹಾಗೆ ದೊಡ್ಡವರು ಯಾರಾದರೂ ಬಣ್ಣದ ಗೆರೆ ಹಾಕಿಕೊಡಲಿ, ನೀರಿಲ್ಲದ ಬೇಸಿಗೆಯಲ್ಲಿ. ವಾರಕ್ಕೊಮ್ಮೆ ಎಷ್ಟನೇ ಗೆರೆ ಅಂತ ಬರೆದರಾಯಿತು. ಮಳೆಯ ಪಟ್ಟಿ, ಮಟ್ಟದ ಪಟ್ಟಿ ಪಕ್ಕಪಕ್ಕ ಇಟ್ಟರೆ, ಮಳೆ ಬಂದೂ ಕೆರೆ ಏರದ ವಾರ ಎದ್ದು ಕಾಣುತ್ತೆ. ಅವತ್ತೇ ಕಾಲುವೆ ನೋಡಿಕೊಂಡು ಬರಬೇಕು.

ಈಗ ಸಸಿ ವಿಷಯ. ದಯವಿಟ್ಟು ಏರಿ ಮೇಲೆ ಸಸಿ ನೆಡಿಸಬೇಡಿ. ದೊಡ್ಡ ಮರದ ಬೇರು ಏರಿಯೊಳಗೆ ಇಳಿಯುತ್ತೆ, ಮರ ಸತ್ತಾಗ ಬೇರು ಕೊಳೆತು ಪೊಳ್ಳಾಗುತ್ತೆ, ಆ ದಾರಿಯಲ್ಲಿ ನೀರು ಜಿನುಗೋದಕ್ಕೆ ಶುರುವಾದರೆ ಏರಿಗೇ ಅಪಾಯ. ಲಕ್ಕಿ ಗಿಡ, ಹುಲ್ಲು ಇದ್ದರೆ ಮಣ್ಣು ಹಿಡಿದುಕೊಳ್ಳುತ್ತೆ. ಸಮಾರಂಭಕ್ಕೆ ಜಾಗ ಚೆನ್ನಾಗಿದೆ ಅಂತ ಎಷ್ಟೋ ಕಡೆ ಏರಿ ಮೇಲೆಯೇ ಗುಂಡಿ ತೋಡುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತೆ. ಅಂಗಳದಲ್ಲೂ ನೆಡೋದು ಬೇಡ. ಅದು ನೀರು ನಿಲ್ಲುವ ಜಾಗ. ಬೇಸಿಗೆಯಲ್ಲಿ ಬಯಲಾಗಿ ಕಂಡರೂ ಅದು ಖಾಲಿ ಜಾಗ ಅಲ್ಲ.

ಮೀನುಗಳ ಬಗ್ಗೆಯೂ ಹೇಳಬೇಕು. ಬೆಳಗಿನ ಜಾವ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಕಮ್ಮಿಯಾಗಿದೆ ಅಂತ ಅರ್ಥ. ಹಗಲು ಪಾಚಿ, ಗಿಡ ಆಮ್ಲಜನಕ ಬಿಡುತ್ತವೆ. ರಾತ್ರಿ ಅವೂ ಉಸಿರಾಡುತ್ತವೆ, ಕೊಳೆಯುವ ವಸ್ತು ಇದ್ದರೆ ಬ್ಯಾಕ್ಟೀರಿಯಾವೂ ಎಳೆದುಕೊಳ್ಳುತ್ತವೆ. ಹಾಗಾಗಿ ಸೂರ್ಯ ಹುಟ್ಟೋದಕ್ಕೆ ಮುಂಚೆ ಆಮ್ಲಜನಕ ಎಲ್ಲಕ್ಕಿಂತ ಕಡಿಮೆ. ಮೀನು ಸತ್ತು ತೇಲೋದು ಬೆಳಗಾದ ಮೇಲೆ ಕಾಣೋದು ಇದಕ್ಕೇ. ಕೋಳಿ ತ್ಯಾಜ್ಯ ಸುರಿಯುವ ಮೂಲೆಯಲ್ಲಿ ಇದು ಜಾಸ್ತಿ. ನಿಮ್ಮ ಪುಸ್ತಕದಲ್ಲಿರುವ ದ್ಯುತಿಸಂಶ್ಲೇಷಣೆ, ಉಸಿರಾಟ ಎರಡೂ ಪಾಠ ಇದರಲ್ಲೇ ಬಂತು ಅಲ್ವಾ ಮೇಡಂ?

ಕೊನೆಗೆ ಹೆಡ್‌ಮಾಸ್ಟರ್ ಅವರ ಭಯ. ಕೆರೆ ಅಂಗಳದಲ್ಲಿ ಇಟ್ಟಿಗೆಗೆ, ಲೇಔಟಿಗೆ ಅಂತ ಜೆಸಿಬಿಯಲ್ಲಿ ಮಣ್ಣು ತೆಗೆದ ಗುಂಡಿಗಳಿರುತ್ತವೆ. ನೀರು ತುಂಬಿದ ಮೇಲೆ ಮೇಲಿನಿಂದ ಗೊತ್ತಾಗಲ್ಲ. ಮೊಣಕಾಲುದ್ದ ಅಂದುಕೊಂಡು ಇಳಿದ ಮಕ್ಕಳು ಹೋಗಿರೋದು ಇಂಥ ಗುಂಡಿಯಲ್ಲೇ. ಅದಕ್ಕೆ ನಮ್ಮದು ಒಂದೇ ಕಟ್ಟುನಿಟ್ಟು: ನೀರಿದ್ದಾಗ ಯಾರೂ ಏರಿ ಬಿಟ್ಟು ಇಳಿಯುವ ಹಾಗಿಲ್ಲ, ಪಾದ ನೆನೆಸೋದಕ್ಕೂ ಇಲ್ಲ. ಊರಿನ ಈಜು ಬಲ್ಲ ಇಬ್ಬರು ದೊಡ್ಡವರು ಜೊತೆಗೆ ಇರಲೇಬೇಕು. ಬೇಸಿಗೆಯಲ್ಲಿ ಆ ಗುಂಡಿಗಳನ್ನು ನಕ್ಷೆಯಲ್ಲಿ ಗುರುತು ಹಾಕಿಸಿ. ಊರಿಗೇ ಉಪಯೋಗವಾಗುತ್ತೆ.

---

ಹೊಂಗೆ_ನೆರಳು (ಬೆಂಗಳೂರು)

ಮೇಲಿನ ಅಣ್ಣ ಬರೆದದ್ದು ಓದಿ ತುಂಬಾ ಖುಷಿಯಾಯಿತು. ಏರಿ ಮೇಲೆ ಸಸಿ ಬೇಡ ಅನ್ನೋದನ್ನು ಒಪ್ಪುತ್ತೇನೆ. ಆದರೆ ಮಕ್ಕಳ ಕೈಯಿಂದ ಗಿಡದ ಕೆಲಸ ಪೂರ್ತಿ ತೆಗೆಯೋದು ಬೇಡ. ನೆಡೋದಕ್ಕೆ ಮುಂಚೆ ಮಾಡಬೇಕಾದ ಎರಡು ಕೆಲಸ ಇವೆ.

ಒಂದು, ಇರುವ ಮರವನ್ನು ನೋಡೋದು. ಸೀಸನ್‌ವಾಚ್ ಅನ್ನೋ ಕಾರ್ಯಕ್ರಮ 2010ರಿಂದ ನಡೀತಿದೆ. ಒಂದು ಮರ ಆರಿಸಿಕೊಂಡು, ಪ್ರತಿ ವಾರ ಅದೇ ಮರವನ್ನು ನೋಡಿ, ಚಿಗುರು, ಹೂವು, ಕಾಯಿ, ಹಣ್ಣು ಇಲ್ಲವೇ ಇಲ್ಲ, ಸ್ವಲ್ಪ ಇದೆ, ತುಂಬಾ ಇದೆ ಅಂತ ದಾಖಲು ಮಾಡೋದು. ಅಷ್ಟೇ. ಕೇರಳದ ಶಾಲೆಗಳು ಇದರಲ್ಲಿ ತುಂಬಾ ಮುಂದಿವೆ. ಹವಾಮಾನ ಬದಲಾದರೆ ಮರಗಳು ಹೂ ಬಿಡುವ ಕಾಲ ಬದಲಾಗುತ್ತಾ ಅಂತ ತಿಳಿಯೋದಕ್ಕೆ ಇಂಥ ಮಾಹಿತಿಯೇ ಬೇಕು. ನಿಮ್ಮ ಕಡೆ ಹುಣಸೆ, ಹೊಂಗೆ, ಬೇವು ಧಾರಾಳ. ಇಬ್ಬರು ಮಕ್ಕಳಿಗೆ ಒಂದು ಮರ ಕೊಡಿ.

ಎರಡು, ಬೀಜ. ಅಂಕೋಲದ ಹೊನ್ನಳ್ಳಿಯ ತುಳಸಿ ಗೌಡ ಅವರ ಬಗ್ಗೆ ಮಕ್ಕಳಿಗೆ ಹೇಳಿ. ಓದಿದವರಲ್ಲ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಗೆ ಸೇರಿದವರು. ಯಾವ ಜಾತಿಯ ತಾಯಿಮರ ಎಲ್ಲಿದೆ, ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳೆಸಬೇಕು ಅನ್ನೋದು ಅವರಿಗೆ ಬಾಯಿಪಾಠ. ಪದ್ಮಶ್ರೀ ಬಂತು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಥರದ ತಿಳಿವಳಿಕೆ ಹೈಸ್ಕೂಲು ಮಕ್ಕಳಿಗೆ ಬರುತ್ತೆ, ನಾವು ಅವಕಾಶ ಕೊಟ್ಟರೆ. ಬೇವಿನ ಹಣ್ಣು ಜೂನ್, ಜುಲೈ ಹೊತ್ತಿಗೆ ಉದುರುತ್ತೆ. ತಿರುಳು ತೊಳೆದು, ನೆರಳಲ್ಲಿ ಆರಿಸಿ, ತಕ್ಷಣ ಬಿತ್ತಬೇಕು. ತಿಂಗಳುಗಟ್ಟಲೆ ಇಟ್ಟರೆ ಮೊಳಕೆ ಬರಲ್ಲ. ಹುಣಸೆ ಬೀಜ ಹಾಗಲ್ಲ, ಇಟ್ಟರೂ ಇರುತ್ತೆ, ಆದರೆ ಸಿಪ್ಪೆ ಗಟ್ಟಿ, ನೆನೆಸಿ ಹಾಕಬೇಕು. ಖಾಲಿ ಹಾಲಿನ ಪ್ಯಾಕೆಟ್ಟಿನಲ್ಲಿ ಶಾಲೆಯಲ್ಲೇ ಬೆಳೆಸಿ. ಎರಡನೇ ಮಳೆಗಾಲದವರೆಗೆ ಮಕ್ಕಳೇ ಸಾಕಲಿ. ಆಮೇಲೆ ಅವರ ಮನೆಯ ಬದುವಿನಲ್ಲೋ ಶಾಲೆಯ ಅಂಚಿನಲ್ಲೋ ನೆಡಲಿ. ಎತ್ತರಕ್ಕೆ ಬಂದ ಸಸಿಯನ್ನು ಮೇಕೆಯೂ ಅಷ್ಟು ಸುಲಭಕ್ಕೆ ತಿನ್ನಲ್ಲ. ಮುಖ್ಯವಾಗಿ ಬೇಸಿಗೆ ರಜೆಯಲ್ಲಿ ನೀರು ಹಾಕೋದಕ್ಕೆ ಒಬ್ಬರು ಇರುತ್ತಾರೆ.

---

ಹೊನ್ನಾವರದ_ಹುಡುಗಿ

ಒಂದೇ ಮಾತು ಸೇರಿಸುತ್ತೇನೆ ಟೀಚರ್. ನಮ್ಮ ಕಡೆ ಕಾಸರಕೋಡು ಟೊಂಕದ ದಂಡೆಗೆ ಕಡಲಾಮೆಗಳು ಮೊಟ್ಟೆ ಇಡೋಕೆ ಬರುತ್ತವೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿ ಹೊರಬರೋಕೆ ಸುಮಾರು ಒಂದೂವರೆ ಎರಡು ತಿಂಗಳು. ಗೂಡು ಮೊದಲು ಕಾಣೋದು ಮೀನುಗಾರರಿಗೆ, ಯಾಕಂದರೆ ರಾತ್ರಿ, ನಸುಕಿನಲ್ಲಿ ದಂಡೆಯಲ್ಲಿ ಇರೋರು ಅವರೇ. ಅವರು ಹೇಳಿದ ಮೇಲೆ ಅರಣ್ಯ ಇಲಾಖೆಯವರು ಬಂದು ಬೇಲಿ ಹಾಕುತ್ತಾರೆ. ಮರಿ ಒಡೆಯುವ ಹೊತ್ತಿಗೆ ದಂಡೆಯ ಲೈಟು ಆರಿಸಬೇಕು, ಇಲ್ಲದಿದ್ದರೆ ಮರಿಗಳು ಕಡಲು ಬಿಟ್ಟು ಬೆಳಕಿನ ಕಡೆ ಹೋಗುತ್ತವೆ.

ನಿಮ್ಮ ಕೆರೆಯಲ್ಲೂ ದಿನಾ ಇರೋರು ಯಾರು ಅಂತ ನೋಡಿ. ಕುರಿ ಕಾಯೋರು, ಮೀನು ಹರಾಜು ಹಿಡಿದೋರು, ಬಟ್ಟೆ ಒಗೆಯೋಕೆ ಬರೋ ಹೆಂಗಸರು. ಮಕ್ಕಳ ಪಟ್ಟಿಗೆ ಇವರ ಮಾತೂ ಸೇರಲಿ. ಯಾವ ವರ್ಷ ಕೋಡಿ ಬಿತ್ತು, ಯಾವ ಮೀನು ಈಗ ಸಿಗಲ್ಲ ಅನ್ನೋದು ಅವರಿಗೆ ಗೊತ್ತಿರುತ್ತೆ.

---

ಶಿರಾ_ಟೀಚರ್

ಎಲ್ಲರಿಗೂ ಮನಸಾರೆ ಧನ್ಯವಾದ. ಹೆಡ್‌ಮಾಸ್ಟರ್ ಅವರಿಗೆ ಫೋನಿನಲ್ಲೇ ಓದಿ ಹೇಳಿದೆ. ಏರಿ ಬಿಟ್ಟು ಇಳಿಯುವ ಹಾಗಿಲ್ಲ ಅನ್ನೋ ನಿಯಮ ಕೇಳಿ ಒಪ್ಪಿದರು. ಮೊದಲು ಕಾಲುವೆ ನಡಿಗೆ ಮಾಡುತ್ತೇವೆ. ಅಡುಗೆ ಮಾಡುವ ಅಮ್ಮನವರ ಯಜಮಾನರು ಕುರಿ ಕಾಯುತ್ತಾರೆ, ದಾರಿ ತೋರಿಸುತ್ತೇನೆ ಅಂದಿದ್ದಾರೆ. ಕೆರೆ ಹೋದ ಸಲ ಕೋಡಿ ಬಿದ್ದದ್ದು 2022ರ ಮಳೆಗೆ ಅಂತಲೂ ಅವರೇ ಹೇಳಿದರು.

ನೀರುಗಂಟಿ ಅವರಿಗೆ ಎರಡು ಪ್ರಶ್ನೆ. ಕಸ ಸುರಿಯುವವರ ವಿಷಯ ಏನು ಮಾಡೋದು? ಅವರಲ್ಲಿ ಕೆಲವರು ನಮ್ಮ ಮಕ್ಕಳ ಮನೆಯವರೇ. ಮತ್ತೆ, ಕಾಲುವೆ ಒತ್ತುವರಿ ಕಂಡರೆ ಮಕ್ಕಳು ಅದನ್ನು ಬರೆಯಬಹುದಾ? ಊರಿನಲ್ಲಿ ಜಗಳ ಆಗಬಾರದು.

---

ನೀರುಗಂಟಿ_ಮೊಮ್ಮಗ (ಮಧುಗಿರಿ)

ಮೇಡಂ, ಒತ್ತುವರಿಯಿಂದಲೇ ಶುರು ಮಾಡುತ್ತೇನೆ. ಮಕ್ಕಳು ಯಾರ ಹೆಸರೂ ಬರೆಯುವ ಹಾಗಿಲ್ಲ. ಇದು ಗಟ್ಟಿ ಮಾತು. ನಕ್ಷೆಯಲ್ಲಿ "ಇಲ್ಲಿ ಕಾಲುವೆ ಅಗಲ ಇಷ್ಟು ಹೆಜ್ಜೆ, ಅಲ್ಲಿ ಇಷ್ಟು" ಅಂತ ಮಾತ್ರ ಇರಲಿ. ಸರ್ಕಾರದ ದಿಶಾಂಕ್ ಅಂತ ಒಂದು ಆ್ಯಪ್ ಇದೆ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ. ಗ್ರಾಮ ನಕ್ಷೆಯೂ ಸಿಗುತ್ತೆ, ಅದರಲ್ಲಿ ಕೆರೆ, ಹಳ್ಳ ಗುರುತಾಗಿರುತ್ತೆ. ಅದನ್ನು ಮಕ್ಕಳು ಓದೋದು ಕಲಿತರೆ ಒಳ್ಳೆಯ ಭೂಗೋಳ ಪಾಠ. ಆದರೆ ಗಡಿ ಎಲ್ಲಿ ಅಂತ ತೀರ್ಮಾನ ಮಾಡೋದು ಸರ್ವೆಯವರ ಕೆಲಸ. ಅಳತೆ ಮಾಡಿಸಿ ಅಂತ ಅರ್ಜಿ ಕೊಡೋದು ದೊಡ್ಡವರ ಕೆಲಸ. ಮಕ್ಕಳನ್ನು ಮುಂದೆ ಬಿಡಬೇಡಿ.

ಅರ್ಜಿ ಯಾರಿಗೆ ಅನ್ನೋದು ಮೊದಲು ತಿಳಿದುಕೊಳ್ಳಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಜಾಸ್ತಿ ಇರುವ ಕೆರೆ ಸಣ್ಣ ನೀರಾವರಿ ಇಲಾಖೆಯದು. ಅದಕ್ಕಿಂತ ಚಿಕ್ಕದು ಪಂಚಾಯಿತಿ ಕಡೆಯದು. ಇದು ಗೊತ್ತಿಲ್ಲದೆ ಅರ್ಜಿ ಹಿಡಿದುಕೊಂಡು ಆ ಕಚೇರಿಯಿಂದ ಈ ಕಚೇರಿಗೆ ಓಡಾಡಿ ಸೋತವರು ಬೇಕಾದಷ್ಟು ಜನ.

ಕಸಕ್ಕೆ ಬೈಗುಳ ಕೆಲಸ ಮಾಡಲ್ಲ. ಅಲ್ಲಿ ಬಿದ್ದಿರೋದು ಏನು ಅಂತ ಮಕ್ಕಳು ಏರಿ ಮೇಲಿಂದ ನೋಡಿ ವಾರ ವಾರ ಬರೆಯಲಿ, ಯಾರದ್ದು ಅಂತ ಬೇಡ. ಕೈಯಲ್ಲಿ ಮುಟ್ಟೋದಂತೂ ಬೇಡವೇ ಬೇಡ. ಮೂರು ನಾಲ್ಕು ತಿಂಗಳಲ್ಲಿ ಒಂದು ಲೆಕ್ಕ ಕಾಣುತ್ತೆ: ಭಾನುವಾರ ಆದ ಮೇಲೆ ಕೋಳಿ ತ್ಯಾಜ್ಯ, ಮದುವೆ ಮುಹೂರ್ತ ಇದ್ದ ವಾರ ಲೋಟ, ತಟ್ಟೆ. ಆ ಪಟ್ಟಿ ಹಿಡಿದು ಪಿಡಿಒ ಹತ್ತಿರ ಹೋದರೆ ಮಾತಿಗೆ ತೂಕ ಬರುತ್ತೆ. ಕೋಳಿ ತ್ಯಾಜ್ಯಕ್ಕೆ ಪಂಚಾಯಿತಿ ಒಂದು ಆಳದ ಗುಂಡಿ ತೋರಿಸಿ, ಸುಣ್ಣ, ಮಣ್ಣು ಮುಚ್ಚುವ ವ್ಯವಸ್ಥೆ ಮಾಡಬೇಕು, ಬಾವಿ, ಕೆರೆಯಿಂದ ದೂರ. ಜಾಗ ತೋರಿಸದೆ ಹಾಕಬೇಡ ಅಂದರೆ ಅವನಾದರೂ ಎಲ್ಲಿ ಹಾಕಬೇಕು? ನಮ್ಮೂರಲ್ಲಿ ಜಾಗ ತೋರಿಸಿದ ಮೇಲೆ ಹೆಚ್ಚಿನವರು ನಿಲ್ಲಿಸಿದರು. ಇನ್ನು ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂದಿತ್ತು. ಮಂಟಪದವರಿಗೆ ಪಂಚಾಯಿತಿಯಿಂದ ಒಂದು ನೋಟಿಸ್ ಹೋದರೆ ಸಾಕು. ಅಡಿಕೆ ಹಾಳೆ ತಟ್ಟೆ, ಮುತ್ತುಗದ ಎಲೆ ನಿಮ್ಮ ಸಂತೆಯಲ್ಲೇ ಸಿಗುತ್ತೆ. ಪಂಚಾಯಿತಿಯ ಕಸದ ಗಾಡಿ, ಸ್ವಚ್ಛವಾಹಿನಿ, ಓಡಿಸುವ ಅಕ್ಕಂದಿರನ್ನು ಶಾಲೆಗೆ ಕರೆಸಿ ಮಾತಾಡಿಸಿ. ಯಾವ ಬೀದಿಯಿಂದ ಏನು ಬರುತ್ತೆ ಅಂತ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಮಕ್ಕಳ ಮಾತು ಹೇಳೋದಕ್ಕೆ ಸರಿಯಾದ ಜಾಗ ಮಕ್ಕಳ ಗ್ರಾಮ ಸಭೆ. ನಮ್ಮ ರಾಜ್ಯದಲ್ಲಿ ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಇದನ್ನು ನಡೆಸಬೇಕು. ಸಾಮಾನ್ಯವಾಗಿ ನವೆಂಬರ್ ಆದ ಮೇಲೆ ನಡೆಯುತ್ತೆ. ಎಷ್ಟೋ ಕಡೆ ಮಕ್ಕಳಿಂದ ಹಾಡು ಹಾಡಿಸಿ, ಬಿಸ್ಕತ್ತು ಕೊಟ್ಟು ಕಳಿಸುತ್ತಾರೆ. ನಿಮ್ಮ ಮಕ್ಕಳು ಮಳೆಯ ಪಟ್ಟಿ, ನೀರಿನ ಮಟ್ಟ, ಕಾಲುವೆ ನಕ್ಷೆ, ಗುಂಡಿಗಳ ಗುರುತು ತೆಗೆದುಕೊಂಡು ಹೋದರೆ ಯಾರೂ ಹಾಗೆ ಕಳಿಸೋಕಾಗಲ್ಲ. ಐದು ವಿಷಯ ಹೇಳಬೇಡಿ. ಒಂದು ಕೇಳಿ, ಅಳತೆ ಸಮೇತ ಕೇಳಿ. "ಇಂಥ ಕಡೆ ಕಾಲುವೆಯ ಹೂಳು ತೆಗೆಸಿ." ಅದು ಆದ ಮೇಲೆ ಮುಂದಿನದು. ನಡಾವಳಿ ಪುಸ್ತಕದಲ್ಲಿ ಬರೆಸಿ, ಮುಂದಿನ ಸಭೆಯಲ್ಲಿ ಏನಾಯಿತು ಅಂತ ಮಕ್ಕಳೇ ಎದ್ದು ನಿಂತು ಕೇಳಲಿ.

ಅದೇ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಇರಬೇಕು, 2002ರ ಕಾಯ್ದೆ ಪ್ರಕಾರ. ಊರಿನ ಗಿಡ, ಪ್ರಾಣಿ, ಮೀನು, ತಳಿಗಳ ದಾಖಲೆ ಪುಸ್ತಕವನ್ನು ಜನರ ಜೊತೆ ಸೇರಿ ಬರೆಯೋದು ಅವರ ಕೆಲಸ. ಆ ಪುಸ್ತಕ ಎಲ್ಲಿದೆ ತೋರಿಸಿ ಅಂತ ಕೇಳಿ. ಕುಂಡೆಕುಸ್ಕ ಅವರು ಹೇಳಿದ ಹಕ್ಕಿ ಪಟ್ಟಿ, ಹೊನ್ನಾವರದ ತಂಗಿ ಹೇಳಿದ ಹಾಗೆ ಹಿರಿಯರು ಹೇಳುವ ಮೀನಿನ ಹೆಸರುಗಳು, ಎಲ್ಲಾ ಅದಕ್ಕೆ ಸೇರಬೇಕು.

ಇನ್ನೊಂದು ಕೆಲಸ, ನಮ್ಮ ನಿಮ್ಮ ಕಡೆಗೆ ತುಂಬಾ ಬೇಕಾದದ್ದು. ಬೋರ್ ಆಳಕ್ಕೆ ಹೋದ ಹಾಗೆ ಫ್ಲೋರೈಡ್ ಕಾಟ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ, ಅದರ ಮೇಲೆ ಕೂಡದು. ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆ ನೀವೇ ನೋಡಿರುತ್ತೀರಿ. ನೀರು ಪರೀಕ್ಷೆಯ ಕಿಟ್ ಪಂಚಾಯಿತಿಗಳಿಗೆ ಕೊಟ್ಟಿದ್ದಾರೆ, ಊರಿನ ಮಹಿಳೆಯರಿಗೆ ತರಬೇತಿಯೂ ಆಗಿದೆ. ಅವರನ್ನು ಕರೆಸಿ ಶಾಲೆಯ ನಲ್ಲಿ ನೀರು, ಬೋರ್ ನೀರು, ತೆರೆದ ಬಾವಿ ನೀರು ಮಕ್ಕಳ ಎದುರೇ ಪರೀಕ್ಷೆ ಮಾಡಿಸಿ. ಬಣ್ಣ ಬದಲಾಗೋದನ್ನು ಪಟ್ಟಿಯ ಪಕ್ಕ ಇಟ್ಟು ಮಕ್ಕಳೇ ಓದಲಿ. ಕೆರೆ ತುಂಬಿದ ವರ್ಷ ಒಮ್ಮೆ, ಒಣಗಿದ ವರ್ಷ ಒಮ್ಮೆ ಮಾಡಿದರೆ ಕೆರೆಗೂ ಮನೆಯ ಕುಡಿಯುವ ನೀರಿಗೂ ಇರುವ ಸಂಬಂಧ ಅಂಕಿಯಲ್ಲೇ ಕಾಣಬಹುದು. ಅಪ್ಪ ಅಮ್ಮಂದಿರು ಕೆರೆ ಕೆಲಸಕ್ಕೆ ಬರಬೇಕು ಅಂದರೆ ಇದಕ್ಕಿಂತ ಬೇರೆ ದಾರಿ ನನಗೆ ಕಂಡಿಲ್ಲ.

ಕಾಲುವೆ ನಡಿಗೆಯ ದಿನ ಹೇಳಿ, ಬಸ್ ಹಿಡಿದು ಬರುತ್ತೇನೆ. ಅರ್ಜಿ ಯಾವುದೇ ಇರಲಿ ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಶಾಲೆಯ ಫೈಲಿನಲ್ಲಿ ಇಡಿ. ನಿಮಗೆ ವರ್ಗಾವಣೆ ಆದರೂ ಮುಂದಿನ ಟೀಚರಿಗೆ ಅದು ಸಿಗಬೇಕು.